ಮನೆಗೆ ಎರಡನೇ ಫೆರೆಟ್ ಬಂದಾಗ: ಹಳೆಯದಕ್ಕೂ ಹೊಸದಕ್ಕೂ ಪರಿಚಯ ಮಾಡಿಸುವ ಬಗೆ

ಫೆರೆಟ್ ಅಂದರೆ ನೋಡಲು ಮುಂಗುಸಿಯಂತಿರುವ ಒಂದು ಸಾಕುಪ್ರಾಣಿ. ಎರಡು ಫೆರೆಟ್‌ಗಳು ಮೊದಲ ಸಲ ಎದುರಾದಾಗ ನೋಡುವವರ ಎದೆ ಡವಡವ ಅನ್ನುತ್ತದೆ. ಒಂದು ಇನ್ನೊಂದರ ಕತ್ತಿಗೇ ಬಾಯಿ ಹಾಕುತ್ತದೆ. ಎರಡೂ ಸುತ್ತಿಕೊಂಡು ನೆಲದ ಮೇಲೆ ಉರುಳುತ್ತವೆ. ಒಂದು ಕಿರುಚುತ್ತದೆ, ಇನ್ನೊಂದು ಅದನ್ನು ದರದರ ಎಳೆದುಕೊಂಡು ಸೋಫಾ ಕೆಳಗೆ ಹೋಗುತ್ತದೆ. "ಅಯ್ಯೋ, ಕೊಂದೇ ಹಾಕುತ್ತೆ" ಅಂತ ನಾವು ಓಡಿಹೋಗಿ ಬಿಡಿಸುತ್ತೇವೆ. ಬಹಳಷ್ಟು ಸಲ ಅಲ್ಲಿ ಬಿಡಿಸುವಂಥದ್ದೇನೂ ನಡೆದಿರುವುದಿಲ್ಲ. ಕೆಲವು ಸಲ ನಡೆದಿರುತ್ತದೆ. ಯಾವುದು ಯಾವುದು ಅಂತ ಗೊತ್ತಾಗಿಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧ ಪೂರ್ತಿ ವಾಸನೆಯ ವ್ಯವಹಾರ.

ಹೊರದೇಶದಲ್ಲಿ ಫೆರೆಟ್ ಸಾಕಿರುವ ನಮ್ಮವರು ಊರಿಗೆ ವೀಡಿಯೋ ಕಾಲ್ ಮಾಡಿದಾಗ "ಇದೇನು, ಮುಂಗುಸಿ ಸಾಕಿದ್ದೀರಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಇದು ಮುಂಗುಸಿಯಲ್ಲ. ನಮ್ಮ ತುಂಗಭದ್ರೆಯಲ್ಲಿರುವ ನೀರುನಾಯಿ ಇದೆಯಲ್ಲ, ಅದರ ಕುಟುಂಬದ್ದು. ಯುರೋಪಿನ ಪೋಲ್‌ಕ್ಯಾಟ್ ಅನ್ನುವ ಕಾಡುಪ್ರಾಣಿಯನ್ನು ಮೊಲದ ಬೇಟೆಗೆ ಅಂತ ಪಳಗಿಸಿದ್ದು. ಪಳಗಿಸಿ 2000 ವರ್ಷಕ್ಕೂ ಜಾಸ್ತಿ ಆಗಿದೆ. ಈ ಪೋಲ್‌ಕ್ಯಾಟ್ ಒಂಟಿಯಾಗಿ ಬದುಕುವ ಪ್ರಾಣಿ. ತನ್ನ ಜಾಗಕ್ಕೆ ವಾಸನೆಯ ಗುರುತು ಹಾಕಿ, ಬೇರೆಯವರು ಕಾಲಿಟ್ಟರೆ ಓಡಿಸುತ್ತದೆ. ಮನೆಯ ಫೆರೆಟ್ ಜೊತೆಗಾರರನ್ನು ಒಪ್ಪಿಕೊಳ್ಳುತ್ತದೆ, ಇಷ್ಟವನ್ನೂ ಪಡುತ್ತದೆ. ಆದರೆ ಹಳೆಯ ಬುದ್ಧಿ ಪೂರ್ತಿ ಹೋಗಿಲ್ಲ. ನೀವು ಅದರ ಮನೆಗೆ ಅಪರಿಚಿತರನ್ನು ಕರೆತರುತ್ತಿದ್ದೀರಿ ಅನ್ನುವುದು ನೆನಪಿರಲಿ.

ತರುವ ಮೊದಲು

ಮೊದಲು ನಿಮ್ಮ ಹಳೆಯ ಫೆರೆಟ್ ಕಡೆ ಒಮ್ಮೆ ನೋಡಿ. ಅದಕ್ಕೆ ವಯಸ್ಸೆಷ್ಟು? ಮೂರು ವರ್ಷ ದಾಟಿದ ಫೆರೆಟ್‌ಗಳಲ್ಲಿ ಎರಡು ಕಾಯಿಲೆ ಬಹಳ ಸಾಮಾನ್ಯ. ಒಂದು, ಅಡ್ರಿನಲ್ ಗ್ರಂಥಿಯದು. ಬಾಲದ ಕೂದಲು ಉದುರುತ್ತದೆ, ಮೈ ತುರಿಕೆ ಜಾಸ್ತಿಯಾಗುತ್ತದೆ. ಸಂತಾನಹರಣ ಆಪರೇಷನ್ ಆದ ಗಂಡು ಕೂಡ ಮತ್ತೆ ಬೆದೆಗೆ ಬಂದಂತೆ ಇನ್ನೊಂದರ ಕತ್ತು ಕಚ್ಚಿ ಮೇಲೇರಲು ಶುರು ಮಾಡುತ್ತದೆ. ಇನ್ನೊಂದು ಇನ್ಸುಲಿನೋಮಾ, ಅಂದರೆ ಮೇದೋಜೀರಕ ಗ್ರಂಥಿಯ ಗಡ್ಡೆ. ಇದರಲ್ಲಿ ರಕ್ತದ ಸಕ್ಕರೆ ಪದೇ ಪದೇ ಇಳಿಯುತ್ತದೆ. ಹಿಂಗಾಲು ಸೋಲುವುದು, ಎತ್ತಲೋ ದಿಟ್ಟಿಸುತ್ತಾ ನಿಲ್ಲುವುದು, ಜೊಲ್ಲು ಸುರಿಸುವುದು ಇದರ ಲಕ್ಷಣ. ಇಂಥದ್ದೇನಾದರೂ ಕಂಡರೆ ಮೊದಲು ವೆಟ್ (ಪಶುವೈದ್ಯರು) ಹತ್ತಿರ ಹೋಗಿ, ಹೊಸ ಫೆರೆಟ್ ಮಾತು ಆಮೇಲೆ. ಕಾಯಿಲೆಯ ಮುದಿ ಪ್ರಾಣಿಯ ಮೇಲೆ ಮೂರು ತಿಂಗಳ ಮರಿಯನ್ನು ಬಿಡುವುದು ಯಾರಿಗೂ ಸುಖ ಕೊಡುವುದಿಲ್ಲ. ಮರಿಗೆ ದಣಿವೇ ಇಲ್ಲ. ಮುದುಕಪ್ಪನಿಗೆ ನಿದ್ದೆ ಬೇಕು.

ಎರಡನೆಯದು, ಸಂತಾನಹರಣ ಆಪರೇಷನ್. ಎರಡಕ್ಕೂ ಆಗಿರಲೇಬೇಕು. ಆಪರೇಷನ್ ಆಗದ ಎರಡು ಗಂಡುಗಳನ್ನು ಬೆದೆಯ ಕಾಲದಲ್ಲಿ ಒಟ್ಟಿಗೆ ಬಿಟ್ಟರೆ ನಡೆಯುವುದು ನಿಜವಾದ ಯುದ್ಧ. ಹೆಣ್ಣಿನ ಕತೆ ಇನ್ನೂ ಗಂಭೀರ. ಬೆದೆಗೆ ಬಂದ ಹೆಣ್ಣು ಫೆರೆಟ್ ಕೂಡದಿದ್ದರೆ ಬೆದೆ ಇಳಿಯುವುದೇ ಇಲ್ಲ. ಈಸ್ಟ್ರೋಜನ್ ಏರುತ್ತಲೇ ಹೋಗಿ ಮೂಳೆಮಜ್ಜೆ ಕೆಡುತ್ತದೆ, ರಕ್ತಹೀನತೆಯಾಗಿ ಸಾಯಲೂಬಹುದು. ಅಮೆರಿಕದ ಪೆಟ್ ಅಂಗಡಿಯಲ್ಲಿ ತಂದದ್ದಾದರೆ ಸಾಮಾನ್ಯವಾಗಿ ಮರಿಯಾಗಿರುವಾಗಲೇ ಆಪರೇಷನ್ ಮುಗಿದಿರುತ್ತದೆ. ಕಿವಿಯೊಳಗೆ ಎರಡು ಪುಟ್ಟ ಚುಕ್ಕೆಗಳ ಹಚ್ಚೆ ಇದ್ದರೆ ಅದೇ ಗುರುತು. ಇಂಗ್ಲೆಂಡಿನಲ್ಲಿ ಹಾಗಲ್ಲ, ಕೇಳಿ ಖಚಿತ ಮಾಡಿಕೊಳ್ಳಿ.

ಮೂರನೆಯದು, ಕಾನೂನು. ಕ್ಯಾಲಿಫೋರ್ನಿಯಾ ಮತ್ತು ಹವಾಯಿಯಲ್ಲಿ ಫೆರೆಟ್ ಸಾಕುವಂತಿಲ್ಲ. ನ್ಯೂಯಾರ್ಕ್ ನಗರದಲ್ಲೂ ನಿಷೇಧ ಇದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಕೆಲಸ ಬದಲಾಯಿಸುವ ಯೋಚನೆ ಇರುವವರು ಎರಡನೆಯದನ್ನು ತರುವ ಮೊದಲೇ ಇದನ್ನು ಯೋಚಿಸಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲೂ ಇದೇ ಕತೆ.

ಗಂಡು ಹೆಣ್ಣು ಯಾವ ಜೋಡಿ ಒಳ್ಳೆಯದು ಅಂತ ತುಂಬಾ ಜನ ಕೇಳುತ್ತಾರೆ. ಆಪರೇಷನ್ ಆಗಿದ್ದರೆ ಇದಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸ್ವಭಾವ ಮತ್ತು ಗಾತ್ರ ನೋಡಿ. ಗಂಡು ಹೆಣ್ಣಿನ ಎರಡರಷ್ಟು ತೂಗುವುದುಂಟು. ಒಂದು ಕಿಲೋ ಕೂಡ ಇಲ್ಲದ ಹೆಣ್ಣಿನ ಮೇಲೆ ಎರಡು ಕಿಲೋದ ಗಂಡು ಕೂತರೆ ಅದು ಆಟಕ್ಕೆ ಕೂತರೂ ಕಷ್ಟವೇ.

ಎರಡು ವಾರ ಬೇರೆ ಕೋಣೆ

ಈ ಹೆಜ್ಜೆಯನ್ನು ಬಿಟ್ಟುಬಿಡುವವರೇ ಜಾಸ್ತಿ. ಹೊಸದು ಮುದ್ದಾಗಿ ಕಾಣುತ್ತದೆ, ಆರೋಗ್ಯವಾಗಿಯೇ ಇರುತ್ತದೆ, ಸುಮ್ನೆ ಯಾಕೆ ಕಾಯಬೇಕು ಅನ್ನಿಸುತ್ತದೆ. ಕಾಯಬೇಕು. ಕಾರಣ ಇದೆ.

ಫೆರೆಟ್‌ಗಳಿಗೆ ಬರುವ ಒಂದು ಕೊರೊನಾವೈರಸ್ ಭೇದಿ ಇದೆ. ಹಸಿರು, ಲೋಳೆಲೋಳೆ ಭೇದಿ. ಇದರ ತಮಾಷೆ ಏನೆಂದರೆ, ಮರಿಗಳಲ್ಲಿ ಇದ್ದರೂ ಅನೇಕ ಸಲ ಏನೂ ಕಾಣಿಸುವುದಿಲ್ಲ. ಮರಿ ಕುಣಿದಾಡಿಕೊಂಡೇ ಇರುತ್ತದೆ, ಎರಡು ಮೂರು ದಿನದಲ್ಲಿ ಮನೆಯ ಹಳೆಯದು ಮಲಗಿಬಿಡುತ್ತದೆ. ಇನ್ನು ನಾಯಿಗಳಿಗೆ ಬರುವ ಡಿಸ್ಟೆಂಪರ್ ಫೆರೆಟ್‌ಗೆ ತಗುಲಿದರೆ ಉಳಿಯುವುದು ಬಹುತೇಕ ಇಲ್ಲ. ಕಿವಿಯ ಹುಳ, ಚಿಗಟ ಇವೆಲ್ಲ ಸಣ್ಣವು, ಆದರೆ ಎರಡಕ್ಕೂ ಹತ್ತಿದರೆ ಔಷಧಿ ಎರಡರಷ್ಟು.

ಆದ್ದರಿಂದ 14 ದಿನ ಬೇರೆ ಕೋಣೆ, ಬೇರೆ ಕೇಜ್, ಬೇರೆ ಬಟ್ಟಲು, ಬೇರೆ ಲಿಟರ್ ಬಾಕ್ಸ್ (ಕಕ್ಕ, ಉಚ್ಚೆಗೆ ಇಡುವ ತಟ್ಟೆ). ಹಳೆಯದರ ಕೆಲಸ ಮೊದಲು ಮುಗಿಸಿ, ಹೊಸದರ ಹತ್ತಿರ ಕೊನೆಗೆ ಹೋಗಿ, ಕೈ ತೊಳೆದುಕೊಂಡು ಬಟ್ಟೆ ಬದಲಾಯಿಸಿ. ಆ ಎರಡು ವಾರದಲ್ಲೇ ಹೊಸದನ್ನು ವೆಟ್‌ಗೆ ತೋರಿಸಿ. ಫೆರೆಟ್ ನೋಡುವ ವೆಟ್ ಎಲ್ಲ ಕಡೆ ಸಿಗುವುದಿಲ್ಲ. ಫೋನ್ ಮಾಡಿ "ಎಕ್ಸಾಟಿಕ್ ಪ್ರಾಣಿ ನೋಡುತ್ತೀರಾ" ಅಂತ ಕೇಳಿಯೇ ಹೋಗಿ. ಡಿಸ್ಟೆಂಪರ್, ರೇಬೀಸ್ ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂತಿರಿ. ಕೆಲವು ಫೆರೆಟ್‌ಗಳಿಗೆ ಲಸಿಕೆ ಒಗ್ಗದೆ ವಾಂತಿ, ಭೇದಿ ಶುರುವಾಗುತ್ತದೆ. ಅದು ಸಾಮಾನ್ಯವಾಗಿ ಬೇಗ ಕಾಣಿಸಿಕೊಳ್ಳುತ್ತದೆ, ಆಗ ಡಾಕ್ಟರ್ ಎದುರಿಗಿದ್ದರೆ ಒಳ್ಳೆಯದು.

ನಿಮಗೇ ನೆಗಡಿ ಜ್ವರ ಇದ್ದರೆ ಎರಡರಿಂದಲೂ ದೂರ ಇರಿ. ಮನುಷ್ಯರ ಫ್ಲೂ ಇವಕ್ಕೆ ಸಲೀಸಾಗಿ ಹತ್ತುತ್ತದೆ. ಎಷ್ಟು ಸಲೀಸು ಅಂದರೆ, 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ಸನ್ನು ಪತ್ತೆ ಮಾಡಿದ್ದೇ ಫೆರೆಟ್‌ಗಳಿಗೆ ಅದನ್ನು ಹತ್ತಿಸಿ.

ಈ ದಿನಗಳಲ್ಲಿ ಊಟದ ವಿಷಯವನ್ನೂ ನೋಡಿಕೊಳ್ಳಿ. ಫೆರೆಟ್ ಮರಿಯಾಗಿದ್ದಾಗ ಏನು ತಿಂದು ಬೆಳೆಯಿತೋ ಅದನ್ನೇ ಊಟ ಅಂದುಕೊಳ್ಳುತ್ತದೆ. ಬೇರೆಯದನ್ನು ಇಟ್ಟರೆ ಮೂಸಿ ನೋಡಿ ಉಪವಾಸ ಇರುತ್ತದೆ, ಮತ್ತು ಇವಕ್ಕೆ ಉಪವಾಸ ಆಗುವುದೇ ಇಲ್ಲ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊಟ್ಟೆಯಿಂದ ಹೊರಗೆ ಬಂದಿರುತ್ತದೆ. ಹಳೆಯ ಮನೆಯಲ್ಲಿ ಯಾವ ಆಹಾರ ಕೊಡುತ್ತಿದ್ದರು ಅಂತ ಕೇಳಿ, ಅದನ್ನೇ ತನ್ನಿ, ದಿನಾ ಸ್ವಲ್ಪ ಸ್ವಲ್ಪ ನಿಮ್ಮ ಮನೆಯದನ್ನು ಬೆರೆಸುತ್ತಾ ಬನ್ನಿ. ಸಸ್ಯಾಹಾರಿ ಮನೆಯವರಿಗೆ ಒಂದು ಮಾತು: ಇದು ಅಪ್ಪಟ ಮಾಂಸಾಹಾರಿ. ಮೊಸರನ್ನ, ಹಣ್ಣು, ಬೇಳೆ ಯಾವುದೂ ಆಗದು. ಮನೆಯೊಳಗೆ ಮಾಂಸದ ಆಹಾರ ತರಲು ಮನಸ್ಸಿಲ್ಲದಿದ್ದರೆ ಬೇರೆ ಪ್ರಾಣಿ ಸಾಕುವುದೇ ಮೇಲು.

ಮುಖ ತೋರಿಸುವ ಮೊದಲು ವಾಸನೆ ತೋರಿಸಿ

ಎರಡು ವಾರ ಕಳೆಯಿತು, ವೆಟ್ ಸರಿ ಅಂದರು. ಈಗಲೂ ನೇರವಾಗಿ ಬಿಡಬೇಡಿ. ಫೆರೆಟ್‌ನ ಕಣ್ಣು ಅಷ್ಟಕ್ಕಷ್ಟೆ. ಅದು ಜಗತ್ತನ್ನು ಅರ್ಥ ಮಾಡಿಕೊಳ್ಳುವುದು ಮೂಗಿನಿಂದ.

ಮೊದಲು ಹಾಸಿಗೆ ಅದಲು ಬದಲು. ಹೊಸದು ಮಲಗಿದ ಬಟ್ಟೆಯನ್ನು ಹಳೆಯದರ ಕೇಜ್‌ಗೆ ಹಾಕಿ, ಹಳೆಯದರದ್ದನ್ನು ಹೊಸದಕ್ಕೆ. ಬಟ್ಟೆ ಒಗೆದಿರಬಾರದು. ಹಳೆಯದು ಏನು ಮಾಡುತ್ತದೆ ನೋಡಿ. ಮೂಸಿ ಬಿಟ್ಟರೆ ಒಳ್ಳೆಯದು. ಅದರ ಮೇಲೇ ಮಲಗಿದರೆ ಇನ್ನೂ ಒಳ್ಳೆಯದು. ಬುಸುಗುಟ್ಟಿ, ಬಟ್ಟೆಯನ್ನು ಎಳೆದಾಡಿ ಮೂಲೆಗೆ ತಳ್ಳಿದರೆ ಇನ್ನಷ್ಟು ದಿನ ಬೇಕು ಅಂತ ಅರ್ಥ. ನಮ್ಮ ಮನೆಯ ಹಳೆಯ ಫೆರೆಟ್ ಪುಟ್ಟಿ, ಹೊಸದಾಗಿ ಬಂದ ಗುಂಡನ ಬಟ್ಟೆಯನ್ನು ಬಾಯಲ್ಲಿ ಕಚ್ಚಿ ನೇರವಾಗಿ ಲಿಟರ್ ಬಾಕ್ಸಿಗೆ ತಂದು ಹಾಕಿದಳು. ಅಭಿಪ್ರಾಯ ಇಷ್ಟು ಸ್ಪಷ್ಟವಾಗಿ ಹೇಳುವ ಪ್ರಾಣಿ ಇನ್ನೊಂದಿಲ್ಲ.

ಆಮೇಲೆ ಜಾಗದ ಬದಲಾವಣೆ. ಒಂದು ಕೇಜ್‌ನಲ್ಲಿರುವಾಗ ಇನ್ನೊಂದು ಅದೇ ಕೋಣೆಯಲ್ಲಿ ಓಡಾಡಲಿ. ಮರುದಿನ ಉಲ್ಟಾ. ಕೇಜ್‌ಗಳನ್ನು ಅಕ್ಕಪಕ್ಕ ಇಡಬಹುದು, ಆದರೆ ನಡುವೆ ಒಂದು ಗೇಣಿಗಿಂತ ಜಾಸ್ತಿ ಅಂತರ ಇರಲಿ. ಕಂಬಿಯ ಸಂದಿಯಿಂದ ಕಾಲ್ಬೆರಳು ಕಚ್ಚಿಸಿಕೊಂಡರೆ ಸ್ನೇಹ ಶುರುವಾಗುವ ಮೊದಲೇ ಕೆಡುತ್ತದೆ.

ಭೇಟಿಯ ದಿನ ಎರಡಕ್ಕೂ ಒಂದೇ ಶಾಂಪೂ ಹಾಕಿ ಸ್ನಾನ ಮಾಡಿಸುವ ಪದ್ಧತಿ ಇದೆ. ಕೆಲಸ ಮಾಡುತ್ತದೆ. ಎರಡಕ್ಕೂ ಒಂದೇ ವಾಸನೆ, ಎರಡಕ್ಕೂ ಒಂದೇ ಸಿಟ್ಟು. ಸಿಟ್ಟು ನಮ್ಮ ಮೇಲೆ, ಇನ್ನೊಂದರ ಮೇಲಲ್ಲ. ಒಂದು ಸಲ ಸಾಕು. ಪದೇ ಪದೇ ಸ್ನಾನ ಮಾಡಿಸಿದರೆ ಚರ್ಮ ಒಣಗಿ, ಮೈ ಎಣ್ಣೆ ಇನ್ನೂ ಜಾಸ್ತಿ ಸುರಿದು ವಾಸನೆ ಹೆಚ್ಚುತ್ತದೆ.

ಮೊದಲ ಭೇಟಿ

ಹಿಂದಿನ ದಿನವೇ ಎರಡರ ಉಗುರನ್ನೂ ಕತ್ತರಿಸಿ. ಹೊಟ್ಟೆಯ ಮೇಲೆ ಒಂದು ಹನಿ ಸಾಲ್ಮನ್ ಮೀನಿನ ಎಣ್ಣೆ ಹಾಕಿದರೆ ಅದು ನೆಕ್ಕುತ್ತಾ ಕೂರುತ್ತದೆ, ನೀವು ನೆಮ್ಮದಿಯಾಗಿ ಉಗುರು ತೆಗೆಯಬಹುದು.

ಜಾಗ ಯಾವುದು? ಹಳೆಯದು ತನ್ನದು ಅಂತ ಅಂದುಕೊಳ್ಳದ ಜಾಗ. ಸ್ನೇಹಿತರ ಮನೆಯಾದರೆ ಬಹಳ ಒಳ್ಳೆಯದು. ಇಲ್ಲವಾದರೆ ಅದು ಯಾವತ್ತೂ ಕಾಲಿಡದ ಮಲಗುವ ಕೋಣೆ, ಅಥವಾ ನೀರಿಲ್ಲದ ಬಾತ್‌ಟಬ್. ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಕಾಲು ಜಾರಿದರೆ ಗಾಬರಿ ಆಗುತ್ತವೆ. ಆದರೆ ತುಂಬಾ ಹೊತ್ತು ಟಬ್ಬಿನಲ್ಲೇ ಬಿಡಬೇಡಿ. ಸೋಲುತ್ತಿರುವುದಕ್ಕೆ ಓಡಿಹೋಗಲು ದಾರಿ ಇಲ್ಲದ ಜಾಗ ಅದು. ಕೋಣೆಯಾದರೆ ಎರಡೂ ಕಡೆ ಬಾಯಿರುವ ಬಟ್ಟೆಯ ಸುರಂಗ, ರಟ್ಟಿನ ಡಬ್ಬಿ ಇಡಿ. ಒಂದೇ ಬಾಯಿರುವ ಡಬ್ಬಿ ಬೇಡ, ಒಳಗೆ ಹೊಕ್ಕದ್ದು ಸಿಕ್ಕಿಹಾಕಿಕೊಳ್ಳುತ್ತದೆ. ಆಟದ ಸಾಮಾನು, ಊಟದ ಬಟ್ಟಲು ಮೊದಲ ದಿನ ಬೇಡ.

ಸಮಯ? ಎರಡೂ ಒಂದು ಸುತ್ತು ಓಡಾಡಿ ಸ್ವಲ್ಪ ದಣಿದಿರಬೇಕು, ಹೊಟ್ಟೆ ತುಂಬಿರಬೇಕು. ಇವು ದಿನಕ್ಕೆ 14ರಿಂದ 18 ಗಂಟೆ ನಿದ್ದೆ ಮಾಡುವ ಪ್ರಾಣಿಗಳು, ಆಗಷ್ಟೇ ಎದ್ದಾಗ ಮೈಯಲ್ಲಿ ಜೋರು ಇರುತ್ತದೆ.

ಎರಡರ ಭುಜದ ಮೇಲೂ ಸ್ವಲ್ಪ ಸಾಲ್ಮನ್ ಎಣ್ಣೆ ಸವರಿ ಕೆಳಗೆ ಬಿಡಿ. ಒಂದನ್ನೊಂದು ನೆಕ್ಕಿದರೆ ಆರಂಭ ಚೆನ್ನಾಗಿದೆ. ಮೊದಲ ಸಲ ಹತ್ತು ಹದಿನೈದು ನಿಮಿಷ ಸಾಕು. ಚೆನ್ನಾಗಿ ನಡೆಯುತ್ತಿರುವಾಗಲೇ ನಿಲ್ಲಿಸಿ. ಜಗಳವಾದ ಮೇಲೆ ಬೇರೆ ಮಾಡಿದರೆ ಆ ಜಗಳವೇ ಅವುಗಳ ತಲೆಯಲ್ಲಿ ಉಳಿಯುತ್ತದೆ.

ಆಟವೋ ಜಗಳವೋ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಜನ ತಪ್ಪು ತಿಳಿಯುವುದು ಇಲ್ಲೇ.

ಫೆರೆಟ್‌ನ ಕತ್ತಿನ ಹಿಂದಿನ ಚರ್ಮ ದಪ್ಪ ಮತ್ತು ಸಡಿಲ. ಅಲ್ಲಿ ಕಚ್ಚಿ ಹಿಡಿಯುವುದು ಅವುಗಳ ಮಾಮೂಲಿ ಮಾತುಕತೆ. ತಾಯಿ ಮರಿಯನ್ನು ಎತ್ತುವುದು ಅಲ್ಲೇ, ಅಣ್ಣತಮ್ಮಂದಿರು ಆಡುವುದೂ ಅಲ್ಲೇ. "ಇಲ್ಲಿ ನಾನು ದೊಡ್ಡವನು" ಅಂತ ಹೇಳುವುದೂ ಹೀಗೆಯೇ. ಆದ್ದರಿಂದ ಕತ್ತು ಕಚ್ಚುವುದು, ಉರುಳಿಸುವುದು, ಎಳೆದುಕೊಂಡು ಹೋಗುವುದು, ಮೇಲೆ ಮಲಗಿ ಒತ್ತುವುದು, ಬುಸುಗುಟ್ಟುವುದು, ಒಂದೆರಡು ಸಲ ಕಿರುಚುವುದು, ಇಷ್ಟನ್ನೂ ನೀವು ಕೈ ಕಟ್ಟಿ ನೋಡಬೇಕು. ಬಾಲದ ಕೂದಲು ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ನಿಂತಿರುತ್ತದೆ. ಅದು ಉದ್ವೇಗ ಅಷ್ಟೇ, ಖುಷಿಯಲ್ಲೂ ನಿಲ್ಲುತ್ತದೆ, ಭಯದಲ್ಲೂ ನಿಲ್ಲುತ್ತದೆ.

ನೋಡಬೇಕಾದದ್ದು ಕಚ್ಚಿದ ನಂತರದ ಕ್ಷಣವನ್ನು. ಹಿಡಿತ ಬಿಟ್ಟ ಕೂಡಲೇ ಕೆಳಗಿದ್ದದ್ದು ಏನು ಮಾಡುತ್ತದೆ? ಎದ್ದು ಮೈ ಕೊಡವಿ, ಬೆನ್ನು ಬಿಲ್ಲಾಗಿ ಬಾಗಿಸಿ, ಬಾಯಿ ತೆರೆದು ಪಕ್ಕಕ್ಕೆ ಪಕ್ಕಕ್ಕೆ ಕುಪ್ಪಳಿಸಿ ಮತ್ತೆ ಅದರ ಮೇಲೇ ಬಿದ್ದರೆ ಅದು ಆಟ. ಈ ಕುಣಿತವನ್ನು ವಾರ್ ಡ್ಯಾನ್ಸ್ ಅನ್ನುತ್ತಾರೆ, ಯುದ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ. ಜೊತೆಗೆ ಗಂಟಲಿನಿಂದ "ಡುಕ್ ಡುಕ್ ಡುಕ್" ಅನ್ನುವ ಸದ್ದು ಬಂದರೆ ನೀವು ಕಾಫಿ ಮಾಡಿಕೊಂಡು ಬಂದು ಅಲ್ಲೇ ಕೂರಬಹುದು. ಇನ್ನೊಂದು ಗುರುತು, ಪಾಳಿ ಬದಲಾಗುವುದು. ಈಗ ಇದು ಮೇಲೆ, ಆಮೇಲೆ ಅದು ಮೇಲೆ. ಒಂದೇ ಯಾವಾಗಲೂ ಅಟ್ಟಿಸಿಕೊಂಡು ಹೋಗುತ್ತಿದ್ದು, ಇನ್ನೊಂದು ಯಾವಾಗಲೂ ತಪ್ಪಿಸಿಕೊಳ್ಳುತ್ತಿದ್ದರೆ ಅದು ಆಟ ಅಲ್ಲ.

ಬಿಡಿಸಲೇಬೇಕಾದ ಗುರುತುಗಳು ಮೂರು. ರಕ್ತ ಬಂದರೆ. ಹೆದರಿ ಅಲ್ಲೇ ಕಕ್ಕ ಅಥವಾ ಉಚ್ಚೆ ಮಾಡಿಕೊಂಡರೆ. ಕಿರುಚಾಟ ನಿಲ್ಲದೆ ಒಂದೇ ಸಮನೆ ಸಾಗಿದರೆ. ಇದರ ಜೊತೆ ನನ್ನದೇ ಒಂದನ್ನು ಸೇರಿಸುತ್ತೇನೆ: ಕತ್ತಿನ ಹಿಂಭಾಗ ಬಿಟ್ಟು ಮುಖ, ಕಿವಿ, ಗಂಟಲು, ಹೊಟ್ಟೆಗೆ ಬಾಯಿ ಹಾಕಿ, ಹಿಡಿದು ಕತ್ತನ್ನು ಝಾಡಿಸಿದರೆ ರಕ್ತಕ್ಕೆ ಕಾಯಬೇಡಿ.

ಕಿವುಡು ಫೆರೆಟ್‌ಗಳ ವಿಷಯ ಬೇರೆ. ತಲೆ ಪೂರ್ತಿ ಬೆಳ್ಳಗಿರುವ ಅಥವಾ ಹಣೆಯಿಂದ ಹಿಂದಕ್ಕೆ ಬಿಳಿ ಪಟ್ಟೆ ಇರುವ ಫೆರೆಟ್‌ಗಳಲ್ಲಿ ಹುಟ್ಟುಕಿವುಡು ಸಾಮಾನ್ಯ. ಇನ್ನೊಂದು "ನೋವಾಯ್ತು, ಬಿಡು" ಅಂತ ಕಿರುಚಿದರೆ ಅದಕ್ಕೆ ಕೇಳಿಸುವುದೇ ಇಲ್ಲ. ಹಾಗಾಗಿ ಜೋರಾಗಿ ಕಚ್ಚುತ್ತದೆ, ಬಿಡುವುದೂ ತಡ. ಅದು ಕೆಟ್ಟದ್ದಲ್ಲ, ಕೇಳಿಸಲಿಲ್ಲ ಅಷ್ಟೇ. ಇಂಥ ಜೋಡಿಯಲ್ಲಿ ನೀವು ರೆಫರಿ ಆಗಬೇಕು, ಬೇಗ ಬೇಗ ಬಿಡಿಸಬೇಕು.

ಬಿಡಿಸುವುದು ಹೇಗೆ

ನಡುವೆ ಬರಿಗೈ ಹಾಕಬೇಡಿ. ಅವುಗಳ ಹಲ್ಲಿಗೆ ಆಗ ಬೆರಳು ಯಾರದ್ದು ಅನ್ನುವ ಲೆಕ್ಕ ಇರುವುದಿಲ್ಲ. ದಪ್ಪ ಟವೆಲ್ ಎರಡರ ಮೇಲೂ ಎಸೆಯಿರಿ. ಕತ್ತಲಾದ ತಕ್ಷಣ ಸಾಮಾನ್ಯವಾಗಿ ಹಿಡಿತ ಸಡಿಲವಾಗುತ್ತದೆ. ಬಿಡದಿದ್ದರೆ ಕಚ್ಚಿರುವುದರ ಕತ್ತಿನ ಹಿಂದಿನ ಚರ್ಮವನ್ನು ಟವೆಲ್ ಮೂಲಕವೇ ಹಿಡಿದು, ಇನ್ನೊಂದು ಕೈಯಿಂದ ಸೊಂಟಕ್ಕೆ ಆಸರೆ ಕೊಟ್ಟು ನಿಧಾನವಾಗಿ ಎತ್ತಿ. ಅಲ್ಲಿ ಹಿಡಿದರೆ ಫೆರೆಟ್ ಸಡಿಲಗೊಂಡು ಆಕಳಿಸುತ್ತದೆ, ಬಾಯಿ ತಾನಾಗಿಯೇ ತೆರೆಯುತ್ತದೆ. ಎರಡನ್ನೂ ಹಿಡಿದು ಎಳೆದರೆ ಮಾತ್ರ ಚರ್ಮ ಹರಿಯುತ್ತದೆ. ಹೊಡೆಯುವುದು, ಮೂತಿಗೆ ಬಾರಿಸುವುದು ಬೇಡವೇ ಬೇಡ.

ಕಚ್ಚುವ ಚಾಳಿ ಇರುವುದಾದರೆ ಮುಂದಿನ ಭೇಟಿಗೆ ಮೊದಲು ಇನ್ನೊಂದರ ಕತ್ತಿನ ಸುತ್ತ ಕಹಿ ಸ್ಪ್ರೇ ಹಾಕಬಹುದು. ಆಲ್ಕೋಹಾಲ್ ಇಲ್ಲದ್ದನ್ನೇ ನೋಡಿ ತನ್ನಿ, ಗಾಯದ ಮೇಲೆ ಹಾಕಬೇಡಿ. ಬಾಯಿಗೆ ಕಹಿ ತಾಗಿದರೆ ಹಲವು ಫೆರೆಟ್‌ಗಳು ಬಿಟ್ಟುಬಿಡುತ್ತವೆ. ಅಪರೂಪಕ್ಕೆ ಆ ರುಚಿಯನ್ನೇ ಇಷ್ಟಪಡುವ ಮಹಾನುಭಾವರೂ ಇದ್ದಾರೆ.

ಹಲ್ಲು ಆಳಕ್ಕೆ ಇಳಿದಿದ್ದರೆ ಮೇಲೆ ಸಣ್ಣ ತೂತು ಮಾತ್ರ ಕಾಣಿಸಿ ಒಳಗೆ ಕೀವು ಕಟ್ಟಬಹುದು. ವೆಟ್‌ಗೆ ತೋರಿಸಿ.

ದಿನ ಕಳೆದಂತೆ

ದಿನಕ್ಕೆ ಒಂದೆರಡು ಭೇಟಿ, ದಿನದಿಂದ ದಿನಕ್ಕೆ ಹೊತ್ತು ಜಾಸ್ತಿ. ಮೊದಲು ಬೇರೆಯ ಜಾಗ, ಆಮೇಲೆ ಹಳೆಯದರ ಆಟದ ಕೋಣೆ, ಕೊನೆಗೆ ಕೇಜ್. ಕೆಲವು ಜೋಡಿ ಒಂದೇ ಸಂಜೆಯಲ್ಲಿ ಒಂದಾಗುತ್ತವೆ. ಕೆಲವಕ್ಕೆ ತಿಂಗಳುಗಳು ಬೇಕು. ಮರಿಗಳನ್ನು ಸಾಮಾನ್ಯವಾಗಿ ಬೇಗ ಒಪ್ಪುತ್ತವೆ. ಎರಡೂ ದೊಡ್ಡವು, ಎರಡೂ ವರ್ಷಗಟ್ಟಲೆ ಒಂಟಿಯಾಗಿದ್ದವು ಅಂದರೆ ತಾಳ್ಮೆ ಬೇಕು.

ಹಳೆಯದರ ದಿನಚರಿ ಬದಲಾಯಿಸಬೇಡಿ. ಅದಕ್ಕೆ ಸಿಗುತ್ತಿದ್ದ ತಿಂಡಿ, ನಿಮ್ಮ ಮಡಿಲು, ಆಟದ ಹೊತ್ತು ಎಲ್ಲ ಹಾಗೇ ಇರಲಿ. ಮತ್ತು ಅದು ಊಟ ಮಾಡುತ್ತಿದೆಯಾ ಅಂತ ದಿನಾ ನೋಡಿ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಎರಡನ್ನೂ ತೂಗಿ ಬರೆದಿಡಿ. ಬೇಜಾರಾದ ಫೆರೆಟ್ ಸದ್ದಿಲ್ಲದೆ ಊಟ ಬಿಡುತ್ತದೆ, ದಪ್ಪ ಕೂದಲಿನಡಿ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ. ತಕ್ಕಡಿಗೆ ಕಾಣುತ್ತದೆ.

ಒಂದೇ ಕೇಜ್

ಆಟದ ಹೊತ್ತಿನಲ್ಲಿ ಜಗಳವಿಲ್ಲದೆ ಹಲವು ದಿನ ಕಳೆದು, ಆಡಿ ದಣಿದ ಮೇಲೆ ಎರಡೂ ಒಂದೇ ಕಡೆ ನಿದ್ದೆಗೆ ಬಿದ್ದವಾ? ಹಾಗಾದರೆ ಸಮಯ ಬಂತು. ಕೇಜ್ ಪೂರ್ತಿ ತೊಳೆಯಿರಿ. ತಟ್ಟೆ, ಕಂಬಿ, ಮೆಟ್ಟಿಲು ಎಲ್ಲ. ಹಾಸಿಗೆ ಒಗೆದದ್ದು ಹಾಕಿ. ಹ್ಯಾಮಕ್‌ಗಳ (ಮಲಗಲು ನೇತುಹಾಕುವ ಬಟ್ಟೆಯ ತೊಟ್ಟಿಲು) ಜಾಗ ಬದಲಾಯಿಸಿ, ಮೇಲಿದ್ದದ್ದು ಕೆಳಗೆ ಬರಲಿ. ಹಳೆಯದಕ್ಕೂ ಇದು ಹೊಸ ಮನೆ ಅನ್ನಿಸಬೇಕು. ಮಲಗಲು ಕನಿಷ್ಠ ಮೂರು ಜಾಗ, ಊಟ ಮತ್ತು ನೀರಿನ ಬಟ್ಟಲು ಎರಡೆರಡು, ಅದೂ ಬೇರೆ ಬೇರೆ ಅಂತಸ್ತಿನಲ್ಲಿ. ಒಂದೇ ಬಟ್ಟಲಿದ್ದರೆ ಜೋರಿನದು ಅದರ ಮುಂದೆ ಕೂತು ಕಾವಲು ಕಾಯುತ್ತದೆ. ಲಿಟರ್ ಬಾಕ್ಸ್ ಎಷ್ಟು ಫೆರೆಟ್ ಇವೆಯೋ ಅದಕ್ಕಿಂತ ಒಂದು ಜಾಸ್ತಿ. ಮೂಲೆ ಸಿಗಲಿಲ್ಲ ಅಂತ ಹ್ಯಾಮಕ್‌ನಲ್ಲಿ ಮಾಡಿಟ್ಟರೆ ತೊಳೆಯುವವರು ನೀವೇ ಅಲ್ವಾ?

ಮೊದಲ ರಾತ್ರಿಯನ್ನು ರಜೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ, ಕೇಜ್ ನೀವು ಮಲಗುವಲ್ಲೇ ಇರಲಿ. ಬೆಳಿಗ್ಗೆ ಎದ್ದ ಕೂಡಲೇ ಎರಡರ ಕತ್ತಿನ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿ. ಒಣಗಿದ ಜೊಲ್ಲಿನಿಂದ ಕೂದಲು ಅಂಟಿಕೊಂಡಿದ್ದರೆ ಪರವಾಗಿಲ್ಲ, ಎಳೆದಾಡಿದ್ದಾರೆ ಅಷ್ಟೇ. ಹೆಪ್ಪು, ಕೆಂಪು ಚುಕ್ಕೆ ಇದ್ದರೆ ರಾತ್ರಿ ಬೇರೆ ಕೇಜ್‌ಗೆ ವಾಪಸ್.

ಬೇಸಿಗೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಏಸಿ ನೋಡಿಕೊಳ್ಳಿ. ಇವಕ್ಕೆ ಸೆಕೆ ತಡೆಯದು. 30 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಅಪಾಯ, ಅದರಲ್ಲೂ ಓಡಾಡಿ ಗುದ್ದಾಡುವಾಗ.

ಆಗಲೇ ಇಲ್ಲ ಅಂದರೆ

ಕೆಲವು ಜೋಡಿ ಆಗುವುದಿಲ್ಲ. ತಿಂಗಳುಗಟ್ಟಲೆ ಪ್ರಯತ್ನ ಮಾಡಿಯೂ ಪ್ರತಿ ಸಲ ರಕ್ತ ಬರುತ್ತಿದ್ದರೆ, ಒಂದು ಇನ್ನೊಂದರ ವಾಸನೆ ಬಂದರೇ ನಡುಗುತ್ತಿದ್ದರೆ, ನಿಲ್ಲಿಸಿ. ಒಮ್ಮೆ ವೆಟ್ ಹತ್ತಿರ ಹೋಗಿ ಜೋರಿನದ್ದಕ್ಕೆ ಅಡ್ರಿನಲ್ ತೊಂದರೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಹಠಾತ್ತಾಗಿ ಬಂದ ಜಗಳಗಂಟತನದ ಹಿಂದೆ ಇದು ಇರುವುದುಂಟು, ಔಷಧಿಯೂ ಇದೆ. ಅದೂ ಇಲ್ಲ ಅಂದರೆ ಎರಡು ಕೇಜ್, ಎರಡು ಪಾಳಿಯ ಆಟ. ಬೆಳಿಗ್ಗೆ ಒಂದು, ಸಂಜೆ ಒಂದು. ನಿಮಗೆ ಕೆಲಸ ಜಾಸ್ತಿ, ಆದರೆ ಎರಡೂ ನೆಮ್ಮದಿಯಾಗಿ ಬದುಕುತ್ತವೆ. ಇಲ್ಲವೇ ಹೊಸದನ್ನು ಫೆರೆಟ್ ಆಶ್ರಯತಾಣಕ್ಕೆ ಅಥವಾ ಗೊತ್ತಿರುವ ಒಳ್ಳೆಯ ಮನೆಗೆ ಕೊಡಿ. ತರುವಾಗಲೇ "ಹೊಂದದಿದ್ದರೆ ವಾಪಸ್ ತಗೊಳ್ತೀರಾ" ಅಂತ ಕೇಳಿ ಬರೆಸಿಕೊಂಡಿದ್ದರೆ ಈಗ ಅನುಕೂಲ.

ಚೆನ್ನಾಗಿ ಹೊಂದಿಕೊಂಡವು ಅಂತ ಎರಡನೇ ಕೇಜ್ ಮಾರಿಬಿಡಬೇಡಿ. ಮಡಿಚಿ ಗ್ಯಾರೇಜಿನಲ್ಲಿಡಿ. ಮುಂದೆ ಒಂದಕ್ಕೆ ಆಪರೇಷನ್ ಆದಾಗ, ಭೇದಿ ಶುರುವಾದಾಗ ಮೊದಲು ಬೇಕಾಗುವುದು ಅದೇ. ಹಾಗೆ ನಾಲ್ಕೈದು ದಿನ ಬೇರೆ ಇಟ್ಟಿದ್ದನ್ನು ವಾಪಸ್ ಸೇರಿಸುವಾಗ ಅದರ ಮೈಮೇಲೆ ಆಸ್ಪತ್ರೆಯ ವಾಸನೆ ಇರುತ್ತದೆ, ಸಂಗಾತಿಗೆ ಗುರುತೇ ಸಿಗದೆ ಹೋಗಬಹುದು. ಆಗ ಹಾಸಿಗೆ ಅದಲು ಬದಲಿನಿಂದ ಮತ್ತೆ ಶುರು ಮಾಡಿ, ಈ ಸಲ ಬೇಗ ಮುಗಿಯುತ್ತದೆ.